ಐಸ್ ಹಾಕಿಯಲ್ಲಿ ಆಟಗಾರರ ಟ್ರೇಡ್: ಪ್ರಸ್ತಾಪ ಸಿದ್ಧಪಡಿಸುವುದು ಹೇಗೆ?

ಉತ್ತರ ಅಮೆರಿಕದ ನ್ಯಾಷನಲ್ ಹಾಕಿ ಲೀಗ್‌ನಲ್ಲಿ (ಎನ್‌ಎಚ್‌ಎಲ್) 32 ತಂಡಗಳಿವೆ. ಅಮೆರಿಕದಲ್ಲಿ 25, ಕೆನಡಾದಲ್ಲಿ 7. ಈ ತಂಡಗಳು ಋತುವಿನ ಮಧ್ಯದಲ್ಲಿಯೂ ತಮ್ಮ ಆಟಗಾರರನ್ನು ಪರಸ್ಪರ ಬದಲಾಯಿಸಿಕೊಳ್ಳುತ್ತವೆ. ನಮ್ಮ ಓದುಗರಿಗೆ ಐಪಿಎಲ್ ಟ್ರೇಡ್ ಪರಿಚಿತವೇ: 2023ರ ನವೆಂಬರ್‌ನಲ್ಲಿ ಬೆಂಗಳೂರು ತಂಡವು ಕ್ಯಾಮರಾನ್ ಗ್ರೀನ್ ಅವರನ್ನು ಮುಂಬೈಯಿಂದ ಪೂರ್ತಿ ಹಣ ಕೊಟ್ಟೇ ಪಡೆದುಕೊಂಡಿತ್ತು. ಎನ್‌ಎಚ್‌ಎಲ್‌ನಲ್ಲಿ ಈಗ ಅದಕ್ಕೆ ಅವಕಾಶವಿಲ್ಲ. 1988ರ ಆಗಸ್ಟ್ 9ರಂದು ಐಸ್ ಹಾಕಿಯ ತಾರೆ ವೇಯ್ನ್ ಗ್ರೆಟ್ಸ್‌ಕಿ ಎಡ್ಮಂಟನ್‌ನಿಂದ ಲಾಸ್ ಏಂಜಲೀಸ್‌ಗೆ ಹೋದಾಗ ಆ ವ್ಯವಹಾರದಲ್ಲಿ ಒಂದೂವರೆ ಕೋಟಿ ಡಾಲರ್ ನಗದು ಸೇರಿತ್ತು. ಇಂದು ಕೊಡಲು ಸಾಧ್ಯವಿರುವುದು ಆಟಗಾರರು, ಆಟಗಾರರ ಹಕ್ಕುಗಳು (ಅವರೊಂದಿಗೆ ಒಪ್ಪಂದ ಮಾಡಿಕೊಳ್ಳುವ ಹಕ್ಕು) ಮತ್ತು ಮುಂಬರುವ ಡ್ರಾಫ್ಟ್‌ಗಳಲ್ಲಿನ, ಅಂದರೆ ತಂಡಗಳು ಸರದಿಯಂತೆ ಯುವ ಆಟಗಾರರನ್ನು ಆರಿಸಿಕೊಳ್ಳುವ ವಾರ್ಷಿಕ ಪ್ರಕ್ರಿಯೆಯಲ್ಲಿನ, ಆಯ್ಕೆಯ ಸರದಿಗಳು ಮಾತ್ರ. ಆದ್ದರಿಂದ ಪ್ರಸ್ತಾಪವನ್ನು ಕಟ್ಟುವ ಕೆಲಸ ಸ್ವಲ್ಪ ಕಷ್ಟದ್ದು.

ಎದುರು ತಂಡದ ಕೊರತೆಯನ್ನು ಮೊದಲು ಬರೆದುಕೊಳ್ಳಿ

ಅಭಿಮಾನಿಗಳು ಕಾಗದದ ಮೇಲೆ ಹೂಡುವ ಟ್ರೇಡ್‌ಗಳಲ್ಲಿ ಹೆಚ್ಚಿನವು ಇಲ್ಲಿಯೇ ಸೋಲುತ್ತವೆ ಎಂಬುದು ನನ್ನ ಅಭಿಪ್ರಾಯ. ತಮಗೆ ಬೇಕಾದ ತಾರೆಯೊಬ್ಬನನ್ನು ಗುರುತಿಸಿ, ತಮಗೆ ಬೇಡವಾದ ಮೂವರನ್ನು ಅವನ ಬದಲಿಗೆ ಕೊಡುವುದಾಗಿ ಹೇಳುತ್ತಾರೆ. ಆದರೆ ತಂಡದ ಸಕ್ರಿಯ ಪಟ್ಟಿಯಲ್ಲಿ 23 ಜನರಿಗಷ್ಟೇ ಸ್ಥಳವಿದ್ದು, ಒಂದು ಸಂಸ್ಥೆ ಒಟ್ಟಾರೆ 50 ಒಪ್ಪಂದಗಳನ್ನು ಮಾತ್ರ ಹೊಂದಿರಬಹುದಾದ್ದರಿಂದ, ಒಬ್ಬನನ್ನು ಕಳುಹಿಸಿ ಮೂವರನ್ನು ಬರಮಾಡಿಕೊಳ್ಳುವ ತಂಡವು ಇನ್ನಿಬ್ಬರನ್ನು ಎಲ್ಲಿಗಾದರೂ ಸಾಗಹಾಕಲೇಬೇಕಾಗುತ್ತದೆ.

ಕೊರತೆಯನ್ನು ಓದುವುದು ಹೇಗೆಂಬುದಕ್ಕೆ ಮಿಕ್ಕೊ ರಾಂಟನೆನ್ ಪ್ರಕರಣ ಒಳ್ಳೆಯ ಪಾಠ. 2025ರ ಜನವರಿಯಲ್ಲಿ ಕೊಲೊರಾಡೊ ಅವಲಾಂಚ್ ತಂಡದ ಈ ತಾರೆಯ ಒಪ್ಪಂದ ಮುಗಿಯಲು ಕೆಲವೇ ತಿಂಗಳುಗಳು ಉಳಿದಿದ್ದವು, ಹೊಸ ಒಪ್ಪಂದ ಕುದುರಿರಲಿಲ್ಲ. ಜುಲೈ 1 ದಾಟಿದರೆ ಅವರು ಬೇರೆ ತಂಡ ಸೇರಬಹುದಿತ್ತು, ಕೊಲೊರಾಡೊಗೆ ಏನೂ ದಕ್ಕುತ್ತಿರಲಿಲ್ಲ. ಹಾಗೆಂದು ಆ ತಂಡ ಹೊಸದಾಗಿ ಕಟ್ಟಿಕೊಳ್ಳುವ ಹಂತದಲ್ಲಿರಲಿಲ್ಲ. ಅದೇ ವರ್ಷ ಲೀಗ್‌ನ ಪ್ರಶಸ್ತಿಯಾದ ಸ್ಟ್ಯಾನ್ಲಿ ಕಪ್ ಗೆಲ್ಲಬಯಸುವ ತಂಡಕ್ಕೆ ಹದಿನೆಂಟರ ಹುಡುಗರ ಭರವಸೆಗಿಂತ ಮರುದಿನವೇ ಆಡಬಲ್ಲವರು ಬೇಕಿತ್ತು. ಜನವರಿ 24ರಂದು ಕ್ಯಾರೊಲಿನಾ ಹರಿಕೇನ್ಸ್ ತಂಡವು ಮಾರ್ಟಿನ್ ನೆಚಾಸ್ ಮತ್ತು ಜಾಕ್ ಡ್ರೂರಿ ಅವರನ್ನು, ಜೊತೆಗೆ ಎರಡು ಡ್ರಾಫ್ಟ್ ಸರದಿಗಳನ್ನು ಕೊಟ್ಟು ರಾಂಟನೆನ್ ಅವರನ್ನು ಪಡೆದದ್ದು ಈ ಅಗತ್ಯವನ್ನು ಅರಿತೇ.

ಒಪ್ಪಂದದ ಷರತ್ತುಗಳನ್ನು ಓದಿ

ಎನ್‌ಎಚ್‌ಎಲ್ ಆಟಗಾರನ ಒಪ್ಪಿಗೆಯಿಲ್ಲದೆ ಅವನನ್ನು ಟ್ರೇಡ್ ಮಾಡಬಹುದು, ಒಪ್ಪಂದದಲ್ಲಿ ತಡೆಯುವ ಷರತ್ತು ಇಲ್ಲದಿದ್ದರೆ. 27 ವರ್ಷ ತುಂಬಿದ ಅಥವಾ ಲೀಗ್‌ನಲ್ಲಿ ಏಳು ಋತುಗಳನ್ನು ಪೂರೈಸಿದ ಆಟಗಾರರು ಇಂಥ ಷರತ್ತನ್ನು ಪಡೆಯಬಹುದು. ಕೆಲವರದು ಪೂರ್ಣ ತಡೆ. ಇನ್ನು ಕೆಲವರದು ತಾನು ಹೋಗಲೊಪ್ಪದ ತಂಡಗಳ ಪಟ್ಟಿ. ಪೂರ್ಣ ತಡೆಯಿರುವವನು ಒಂದೇ ತಂಡದ ಹೆಸರು ಹೇಳಿದರೆ ಮಾರುವವರ ಕೈ ಕಟ್ಟಿದಂತೆಯೇ. 2023ರ ಫೆಬ್ರುವರಿಯಲ್ಲಿ ಶಿಕಾಗೊ ತಂಡದ ಪ್ಯಾಟ್ರಿಕ್ ಕೇನ್ ನ್ಯೂಯಾರ್ಕ್ ರೇಂಜರ್ಸ್‌ಗೆ ಹೋಗಬಯಸಿದಾಗ ಶಿಕಾಗೊಗೆ ಚೌಕಾಶಿಗೆ ಜಾಗವೇ ಉಳಿದಿರಲಿಲ್ಲ.

ಲೆಕ್ಕ

2004–05ರ ಋತುವನ್ನೇ ನುಂಗಿದ ಲಾಕೌಟ್‌ನ (ಮಾಲೀಕರು ಆಟ ನಿಲ್ಲಿಸಿದ್ದರ) ನಂತರ ಬಂದ, ತಂಡದ ಒಟ್ಟು ವೇತನದ ಮೇಲಿನ ಮಿತಿಯೇ ಪ್ರತಿಯೊಂದು ಪ್ರಸ್ತಾಪದ ಬೆನ್ನೆಲುಬು. 2024–25ರಲ್ಲಿ ಆ ಮಿತಿ ತಂಡವೊಂದಕ್ಕೆ 8.8 ಕೋಟಿ ಡಾಲರ್ ಇತ್ತು, 2025–26ರಲ್ಲಿ 9.55 ಕೋಟಿಗೆ ಏರಿತು. ಇಲ್ಲಿ ಎಣಿಕೆಗೆ ಬರುವುದು ಒಪ್ಪಂದದ ವಾರ್ಷಿಕ ಸರಾಸರಿ. ಆ ವರ್ಷ ಆಟಗಾರನ ಕೈಗೆ ಸೇರುವ ಹಣ ಬೇರೆಯೇ ಇರಬಹುದು.

ರಾಂಟನೆನ್ ಅವರ ಸರಾಸರಿ 92.5 ಲಕ್ಷ ಡಾಲರ್. ಅದೇ ವ್ಯವಹಾರದಲ್ಲಿ ಶಿಕಾಗೊದಿಂದ ಕ್ಯಾರೊಲಿನಾಗೆ ಬಂದ ಟೇಲರ್ ಹಾಲ್ ಅವರದು 60 ಲಕ್ಷ. ಕ್ಯಾರೊಲಿನಾ ಬಿಟ್ಟುಕೊಟ್ಟ ನೆಚಾಸ್ (65 ಲಕ್ಷ) ಮತ್ತು ಡ್ರೂರಿ (17.25 ಲಕ್ಷ) ಇಬ್ಬರದೂ ಸೇರಿ 82.25 ಲಕ್ಷ. 152.5 ಲಕ್ಷ ಒಳಬಂದು ಇಷ್ಟೇ ಹೊರಹೋದರೆ ಲೆಕ್ಕ ಹೊಂದದು. ಇಲ್ಲಿ ಮೂರನೆಯ ತಂಡದ ಪ್ರವೇಶವಾಗುತ್ತದೆ. ಆಟಗಾರನನ್ನು ಕಳುಹಿಸುವ ತಂಡವು ಅವನ ವೇತನದ ಅರ್ಧದವರೆಗೆ ತನ್ನ ತಲೆಯ ಮೇಲೆ ಉಳಿಸಿಕೊಳ್ಳಬಹುದು. ಏಕಕಾಲಕ್ಕೆ ಇಂಥ ಮೂರು ಒಪ್ಪಂದಗಳನ್ನು ಮಾತ್ರ. ಶಿಕಾಗೊ ಮಧ್ಯದಲ್ಲಿ ನಿಂತು ರಾಂಟನೆನ್ ವೇತನದ ಅರ್ಧವನ್ನು, ಅಂದರೆ 46.25 ಲಕ್ಷವನ್ನು ಹೊತ್ತುಕೊಂಡಿತು. ಕ್ಯಾರೊಲಿನಾದ ಹೊರೆ 106.25 ಲಕ್ಷಕ್ಕೆ ಇಳಿಯಿತು. ಶಿಕಾಗೊಗೆ ಪ್ರತಿಫಲವಾಗಿ ದೊರೆತದ್ದು ಹಿಂದೆ ತಾನೇ ಕಳೆದುಕೊಂಡಿದ್ದ ಮೂರನೇ ಸುತ್ತಿನ ಸರದಿ. ಮಿತಿಯೊಳಗೆ ಖಾಲಿ ಜಾಗವಿರುವ ದುರ್ಬಲ ತಂಡಕ್ಕೆ ಆ ಖಾಲಿ ಜಾಗವೇ ಸರಕು ಎಂಬುದನ್ನು ಮರೆಯಬೇಡಿ.

ಬೆಲೆ ಕಟ್ಟುವುದು

ಡ್ರಾಫ್ಟ್‌ನಲ್ಲಿ ಏಳು ಸುತ್ತುಗಳಿವೆ. ಮೊದಲ ಸುತ್ತಿನ ಸರದಿಗೂ ಮೂರನೆಯದಕ್ಕೂ ಬೆಲೆಯಲ್ಲಿ ಅಜಗಜಾಂತರ. ದುರ್ಬಲ ತಂಡದ ಸರದಿ ಮುಂಚಿತವಾಗಿ ಬರುವುದರಿಂದ ಅದು ಇನ್ನೂ ದುಬಾರಿ. ಆದಕಾರಣ ಕೊಡುವವರು ಸಾಮಾನ್ಯವಾಗಿ ರಕ್ಷಣೆಯ ಷರತ್ತನ್ನು ಸೇರಿಸುತ್ತಾರೆ: ಸರದಿ ಮೊದಲ ಹತ್ತರೊಳಗೆ ಬಂದರೆ ಅದನ್ನು ಉಳಿಸಿಕೊಂಡು ಮುಂದಿನ ವರ್ಷದ್ದನ್ನು ಕೊಡುತ್ತೇವೆ ಎಂಬಂತೆ. ಒಪ್ಪಂದ ಮುಗಿಯುತ್ತಿರುವ ಆಟಗಾರನಾದರೆ, ಅವನು ನಿಮ್ಮಲ್ಲಿ ಉಳಿಯುವನೇ ಎಂಬುದೇ ಬೆಲೆಯ ಅರ್ಧ ಭಾಗ. ಕ್ಯಾರೊಲಿನಾಗೆ ಈ ಖಾತರಿ ಸಿಗಲಿಲ್ಲ. ರಾಂಟನೆನ್ ಅಲ್ಲಿ 13 ಪಂದ್ಯಗಳನ್ನಷ್ಟೇ ಆಡಿದರು. ಮಾರ್ಚ್ 7ರಂದು ಅವರು ಡಲ್ಲಾಸ್ ಸ್ಟಾರ್ಸ್‌ಗೆ ಹೋದಾಗ ಕ್ಯಾರೊಲಿನಾಗೆ ಲೋಗನ್ ಸ್ಟ್ಯಾಂಕೋವನ್, ಮೊದಲ ಸುತ್ತಿನ ಎರಡು ಹಾಗೂ ಮೂರನೇ ಸುತ್ತಿನ ಎರಡು ಸರದಿಗಳು ಬಂದವು. ಡಲ್ಲಾಸ್ ಅಷ್ಟು ಕೊಟ್ಟದ್ದು ವರ್ಷಕ್ಕೆ 1.2 ಕೋಟಿ ಡಾಲರ್ ಸರಾಸರಿಯ ಎಂಟು ವರ್ಷಗಳ ಒಪ್ಪಂದವನ್ನು ಜೊತೆಯಲ್ಲೇ ಖಚಿತಪಡಿಸಿಕೊಂಡು. ಮುಂದೆ ಪ್ಲೇ ಆಫ್‌ನ ಮೊದಲ ಸುತ್ತಿನ ಏಳನೇ ಪಂದ್ಯದಲ್ಲಿ ಅವರು ಹ್ಯಾಟ್ರಿಕ್ ಬಾರಿಸಿ ಮನೆಗೆ ಕಳುಹಿಸಿದ್ದು ತಮ್ಮ ಹಳೆಯ ಕೊಲೊರಾಡೊ ತಂಡವನ್ನೇ.

ಮಾತುಕತೆ ಮತ್ತು ನೋಂದಣಿ

ಪ್ರಸ್ತಾಪ ಹೋಗುವುದು ಜನರಲ್ ಮ್ಯಾನೇಜರ್‌ನಿಂದ ಜನರಲ್ ಮ್ಯಾನೇಜರ್‌ಗೆ, ಬಹುಪಾಲು ದೂರವಾಣಿಯಲ್ಲಿ. ಬೇರೆ ತಂಡದ ಆಟಗಾರನನ್ನಾಗಲಿ ಅವನ ಏಜೆಂಟನ್ನಾಗಲಿ ಆ ತಂಡದ ಅನುಮತಿಯಿಲ್ಲದೆ ಸಂಪರ್ಕಿಸುವಂತಿಲ್ಲ. ದೀರ್ಘಾವಧಿಯ ಒಪ್ಪಂದ ಬೇಕಿದ್ದರೆ ಆ ಅನುಮತಿಯನ್ನೇ ಪ್ರಸ್ತಾಪದ ಭಾಗವಾಗಿ ಕೇಳಬೇಕು. ಎರಡೂ ಕಡೆ ಒಪ್ಪಿದ ಮೇಲೆ ಲೀಗ್ ಕಚೇರಿಯೊಂದಿಗೆ ಕರೆ ನಡೆಯುತ್ತದೆ; ಅಲ್ಲಿ ಹೆಸರು, ಸರದಿ, ಷರತ್ತು ಎಲ್ಲವನ್ನೂ ಓದಿ ದೃಢಪಡಿಸಲಾಗುತ್ತದೆ. ಋತುವಿನ ಗಡುವು ಸಾಮಾನ್ಯವಾಗಿ ಮಾರ್ಚ್ ಮೊದಲ ಭಾಗದ ಒಂದು ದಿನ, ಅಮೆರಿಕದ ಪೂರ್ವ ವಲಯದ ಮಧ್ಯಾಹ್ನ 3 ಗಂಟೆ. ನಮ್ಮಲ್ಲಿ ಕಾದು ಕೂರುವವರಿಗೆ ಅದು ನಡುರಾತ್ರಿ ಕಳೆದು ಒಂದೂವರೆ.

ಈ ಕೊನೆಯ ಹಂತವನ್ನು ಬರಿಯ ವಿಧಿಯೆಂದು ತಿಳಿಯಬಾರದು. 2022ರ ಮಾರ್ಚ್ 21ರ ಗಡುವಿನ ದಿನ ವೇಗಸ್ ಗೋಲ್ಡನ್ ನೈಟ್ಸ್ ತಂಡವು ಎವ್ಗೆನಿ ಡಾಡೊನೊವ್ ಅವರನ್ನು ಅನಾಹೈಮ್‌ಗೆ ಟ್ರೇಡ್ ಮಾಡಿತು. ಡಾಡೊನೊವ್ ಹೋಗಲೊಪ್ಪದ ತಂಡಗಳ ಪಟ್ಟಿಯಲ್ಲಿ ಅನಾಹೈಮ್ ಇತ್ತು. ಎರಡು ದಿನಗಳ ನಂತರ ಲೀಗ್ ಆ ಟ್ರೇಡನ್ನು ರದ್ದುಪಡಿಸಿತು. ಗಡುವು ಅಷ್ಟರಲ್ಲಿ ಮುಗಿದಿದ್ದರಿಂದ ಬೇರೆ ದಾರಿ ಹುಡುಕಲು ಸಮಯವಿರಲಿಲ್ಲ. ಡಾಡೊನೊವ್ ಉಳಿದ ಋತುವನ್ನು ತಮ್ಮನ್ನು ಬೇಡವೆಂದಿದ್ದ ತಂಡದಲ್ಲಿಯೇ ಆಡಿದರು, ಜೂನ್‌ನಲ್ಲಿ ವೇಗಸ್ ಅವರನ್ನು ಮಾಂಟ್ರಿಯಲ್‌ಗೆ ಕಳುಹಿಸಿತು.