ದೋಣಿಯ ನ್ಯಾವಿಗೇಶನ್ ಕಂಪ್ಯೂಟರ್ ಬದಲಿಸುವವರು ವೈರಿನಿಂದ ಶುರು ಮಾಡಿ

ಜೂನ್ 9ರ ನಡುರಾತ್ರಿಯಿಂದ ಜುಲೈ 31ರವರೆಗೆ ಕೇರಳದಲ್ಲಿ ಟ್ರಾಲಿಂಗ್ (ಎಂಜಿನ್ ದೋಣಿಯಿಂದ ಬಲೆ ಎಳೆದು ಮೀನು ಹಿಡಿಯುವುದು) ನಿಷೇಧ. ವಿಹಾರಕ್ಕಿಟ್ಟ ಸಣ್ಣ ದೋಣಿಗಳಿಗೆ ಆ ನಿಯಮ ಅನ್ವಯಿಸದಿದ್ದರೂ ಮಳೆಗಾಲದ ಆ ಕಡಲಿಗೆ ಅವನ್ನು ಇಳಿಸುವುದು ತರವಲ್ಲ. ಕಾಸರಗೋಡಿನಲ್ಲಿ ದೋಣಿ ಇಟ್ಟುಕೊಂಡವರಿಗೆ ಹಳೆಯ ಪ್ಲಾಟರ್ (ನಕಾಶೆಯ ಮೇಲೆ ದೋಣಿಯ ಸ್ಥಾನ ತೋರಿಸುವ ಯಂತ್ರ) ಕಿತ್ತು ಹೊಸ ವ್ಯವಸ್ಥೆ ಕೂರಿಸಲು ಇದೇ ಸರಿಯಾದ ಸಮಯ.

ಹಳೆಯದನ್ನು ಯಾಕೆ ಕೀಳಬೇಕು? ಜಿಪಿಎಸ್ 1024 ವಾರಗಳನ್ನು ಎಣಿಸಿ ಮತ್ತೆ ಸೊನ್ನೆಗೆ ಬರುತ್ತದೆ. 2019ರ ಏಪ್ರಿಲ್ 6ರಂದು ಹಾಗೆ ತಿರುಗಿದ ಮೇಲೆ ಹಲವು ಹಳೆಯ ಉಪಕರಣಗಳು ಇಪ್ಪತ್ತು ವರ್ಷದಷ್ಟು ಹಿಂದಿನ ತಾರೀಕು ತೋರಿಸತೊಡಗಿದವು. ಸ್ಥಾನ ಸರಿ ಇದ್ದರೂ ತಾರೀಕು ತಪ್ಪಿದರೆ ಉಬ್ಬರವಿಳಿತದ ಲೆಕ್ಕವೂ ತಪ್ಪುತ್ತದೆ. ಇನ್ನು ಇನ್ವರ್ಟರ್‌ಗೆ ಸಿಕ್ಕಿಸಿದ ಲ್ಯಾಪ್‌ಟಾಪ್. ಅದು 12 ವೋಲ್ಟನ್ನು 230ಕ್ಕೆ ಏರಿಸಿ ಮತ್ತೆ 19ಕ್ಕೆ ಇಳಿಸುವುದರಲ್ಲೇ ಬ್ಯಾಟರಿ ತಿನ್ನುತ್ತದೆ.

ಇದಕ್ಕೆ ಬದಲು ರಾಸ್ಪ್‌ಬೆರಿ ಪೈ 4 (4 ಜಿಬಿ) ಎಂಬ ಪುಟ್ಟ ಕಂಪ್ಯೂಟರ್, ಬಿಸಿಲಲ್ಲೂ ಕಾಣುವ 1000 ನಿಟ್ಸ್ ಹೊಳಪಿನ ತೆರೆ (ಸ್ಕ್ರೀನ್), ಯುಎಸ್‌ಬಿ ಎಸ್‌ಎಸ್‌ಡಿ, ಯುಎಸ್‌ಬಿ ಜಿಪಿಎಸ್ ಮತ್ತು ನಕಾಶೆ ತೋರಿಸುವ ಓಪನ್‌ಸಿಪಿಎನ್ ಸಾಫ್ಟ್‌ವೇರ್ ಸಾಕು. ಪೈ 5 ವೇಗದ್ದು ನಿಜ, ಆದರೆ ಅದಕ್ಕೆ 5 ವೋಲ್ಟಿನಲ್ಲಿ 5 ಆಂಪಿಯರ್ ಬೇಕು. ಅಷ್ಟು ಕೊಡಬಲ್ಲ ಚಾರ್ಜರನ್ನು ಗುರುತಿಸದಿದ್ದರೆ ತನ್ನ ಯುಎಸ್‌ಬಿ ಪೋರ್ಟುಗಳಿಗೆಲ್ಲ ಸೇರಿ 600 ಮಿಲಿ ಆಂಪಿಯರ್ ಮಾತ್ರ ಬಿಡುತ್ತದೆ. ಜಿಪಿಎಸ್, ಎಸ್‌ಎಸ್‌ಡಿ, ಎಐಎಸ್ (ಹಡಗುಗಳು ತಮ್ಮ ಸ್ಥಾನ ಸಾರುವ ರೇಡಿಯೊ ಸಂಕೇತ ಹಿಡಿಯುವ ಯಂತ್ರ) ಮೂರನ್ನೂ ಸಿಕ್ಕಿಸಿದ ದೋಣಿಯಲ್ಲಿ ಅದು ಸಾಲದು. ನಕಾಶೆ ಓಡಿಸಲು ಪೈ 4 ಧಾರಾಳ.

ಕರೆಂಟಿನ ಕೆಲಸ

ದೋಣಿಯಲ್ಲಿ ಕಂಪ್ಯೂಟರ್ ಕೈಕೊಡುವುದು ಬಹುತೇಕ ಕರೆಂಟಿನಿಂದ. ಎಂಜಿನ್ ಸ್ಟಾರ್ಟ್ ಮಾಡಿದ ಕ್ಷಣ ಬ್ಯಾಟರಿ 9 ವೋಲ್ಟಿಗೆ, ಕೆಲವೊಮ್ಮೆ ಅದಕ್ಕೂ ಕೆಳಕ್ಕೆ ಕುಸಿಯುತ್ತದೆ. ಪೈ ಆರಿ ಮತ್ತೆ ಹೊತ್ತಿಕೊಳ್ಳುತ್ತದೆ. ಆ ಹೊತ್ತಿಗೆ ಮೆಮೊರಿ ಕಾರ್ಡಿಗೋ ಎಸ್‌ಎಸ್‌ಡಿಗೋ ಏನಾದರೂ ಬರೆಯುತ್ತಿದ್ದರೆ ಫೈಲುಗಳು ಹಾಳಾಗುತ್ತವೆ. ಹೊಳೆ ಕಡಲು ಸೇರುವ ಅಳಿವೆ ದಾಟುವಾಗ ಎಂಜಿನ್ ನಿಂತು ಮತ್ತೆ ಸ್ಟಾರ್ಟ್ ಮಾಡುವ ಹೊತ್ತಿಗೇ ನಕಾಶೆ ಮಾಯವಾಗುವುದು ಇದೇ ಕಾರಣಕ್ಕೆ. ಆದ್ದರಿಂದ ಉಪಕರಣಗಳಿಗೆ ಬೇರೆಯೇ ಬ್ಯಾಟರಿ ಇಡಿ. ಪೈ ಮತ್ತು ತೆರೆ ಸೇರಿ ಸುಮಾರು 30 ವಾಟ್, ಅಂದರೆ 12 ವೋಲ್ಟಿನಲ್ಲಿ 2.5 ಆಂಪಿಯರ್. 20 ಆಂಪಿಯರ್-ಅವರ್‌ನ ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗಿಳಿಸಬಾರದು, ಹಾಗಾಗಿ ನಾಲ್ಕು ಗಂಟೆ ಸಿಗುತ್ತದೆ. ಅದೇ ಅಳತೆಯ ಲಿಥಿಯಂ ಐರನ್ ಫಾಸ್ಫೇಟಿನಲ್ಲಿ ಆರು ಗಂಟೆ ದಾಟುತ್ತದೆ. ಲಿಥಿಯಂ ಹಾಕಿದರೆ ಎಂಜಿನ್ನಿನ ಆಲ್ಟರ್ನೇಟರಿಗೆ ನೇರ ಜೋಡಿಸಬೇಡಿ, ನಡುವೆ ಡಿಸಿ-ಡಿಸಿ ಚಾರ್ಜರ್ ಇರಲಿ.

ಹಳೆಯ ವೈರಿನ ತುದಿಯನ್ನು ಎರಡು ಇಂಚು ಸುಲಿದು ನೋಡಿ. ಎಳೆಗಳು ತಾಮ್ರದ ಬಣ್ಣ ಕಳೆದುಕೊಂಡು ಕಪ್ಪಾಗಿ, ಉಗುರಿನಿಂದ ಕೆರೆದರೆ ಹಸಿರು ಪುಡಿ ಉದುರಿದರೆ ಉಪ್ಪುಗಾಳಿ ಒಳಗೆ ಹೋಗಿದೆ ಎಂದರ್ಥ. ತುದಿ ಕತ್ತರಿಸಿದರೆ ಸಾಲದು, ಇಡೀ ವೈರ್ ಬದಲಿಸಿ. ಮನೆಯ ವಯರಿಂಗಿನ ತಂತಿ ಬೇಡ. ತವರ ಲೇಪಿಸಿದ 2.5 ಚದರ ಮಿ.ಮೀ. ಎಳೆತಂತಿ ತರಿಸಿ. ಬ್ಯಾಟರಿಯಿಂದ ತೆರೆಗೆ 5 ಮೀಟರ್ ಇದ್ದರೆ ಹೋಗಿಬರುವ ದಾರಿ 10 ಮೀಟರ್, 2.5 ಆಂಪಿಯರಿಗೆ ಈ ತಂತಿಯಲ್ಲಿ 0.18 ವೋಲ್ಟ್ ಇಳಿಯುತ್ತದೆ, 1 ಚದರ ಮಿ.ಮೀ. ತಂತಿಯಲ್ಲಿ 0.44. ಮೊದಲನೆಯದು 12 ವೋಲ್ಟಿನ ಶೇ. 3ರ (0.36 ವೋಲ್ಟ್) ಮಿತಿಯೊಳಗಿದೆ, ಎರಡನೆಯದು ಅದನ್ನು ದಾಟುತ್ತದೆ.

ಬ್ಯಾಟರಿಯಿಂದ ಒಂದು ಗೇಣಿನೊಳಗೆ, 18 ಸೆಂ.ಮೀ. ಮೀರದಂತೆ, 5 ಆಂಪಿಯರ್ ಫ್ಯೂಸ್ ಬರಲಿ. ಲಗ್‌ಗಳನ್ನು (ವೈರಿನ ತುದಿಯ ಲೋಹದ ಕೊಂಡಿ) ಸರಿಯಾದ ಇಕ್ಕಳದಿಂದ ಒತ್ತಿ, ಒಳಗೆ ಅಂಟು ಇರುವ, ಬಿಸಿಗೆ ಕುಗ್ಗುವ ಶ್ರಿಂಕ್ ಟ್ಯೂಬ್ ಹಾಕಿ. ಪೈ ಇಟ್ಟ ಪೆಟ್ಟಿಗೆಗೆ ಹೋಗುವ ಪ್ರತಿ ವೈರ್ ಮೊದಲು ಕೆಳಗೆ ಇಳಿದು ಆಮೇಲೆ ಮೇಲೇರಿ ಒಳಗೆ ಹೋಗಬೇಕು. ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಬೀಳುತ್ತದೆ.

12ರಿಂದ 5.1 ವೋಲ್ಟಿಗೆ ಇಳಿಸುವ ಕನ್ವರ್ಟರ್ 5 ಆಂಪಿಯರಿನದು, 9ರಿಂದ 36 ವೋಲ್ಟ್ ತೆಗೆದುಕೊಳ್ಳುವಂಥದ್ದು ಇರಲಿ. ತೆರೆಯ ಮೂಲೆಯಲ್ಲಿ ಮಿಂಚಿನ ಗುರುತು ಕಂಡರೆ ಪೈಗೆ ಸಾಕಷ್ಟು ವೋಲ್ಟ್ ಬರುತ್ತಿಲ್ಲ. ಹೆಚ್ಚಾಗಿ ಅದು ತೆಳು ಯುಎಸ್‌ಬಿ ಕೇಬಲ್ಲಿನ ದೋಷ. ಅಗ್ಗದ ಕನ್ವರ್ಟರ್‌ಗಳಿಗೆ ಇನ್ನೊಂದು ದುರ್ಗುಣವಿದೆ: ಅವುಗಳ ಗದ್ದಲದಲ್ಲಿ ರೇಡಿಯೊ ಕೇಳುವುದಿಲ್ಲ. ವಿಎಚ್‌ಎಫ್ ರೇಡಿಯೊದ ಸ್ಕ್ವೆಲ್ಚ್ (ಹಿನ್ನೆಲೆ ಸದ್ದು ತಡೆಯುವ ಗುಂಡಿ) ಪೂರ್ತಿ ತೆರೆದು 16ನೇ ಚಾನೆಲ್ ಕೇಳುತ್ತಾ ಕನ್ವರ್ಟರ್ ಹಚ್ಚಿ ಆರಿಸಿ. ಹಚ್ಚಿದಾಗ ಸದ್ದಿನ ಬಗೆ ಬದಲಾದರೆ ಆ ಕನ್ವರ್ಟರ್ ಬೇಡ. ಎಐಎಸ್ ಕೂಡ ಅದೇ ರೇಡಿಯೊ ತರಂಗಪಟ್ಟಿಯಲ್ಲಿ, 162 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಕೆಲಸ ಮಾಡುವುದರಿಂದ ದೂರದ ಹಡಗುಗಳು ಸದ್ದಿಲ್ಲದೆ ತಪ್ಪಿಹೋಗುತ್ತವೆ.

ಪೆಟ್ಟಿಗೆ ಅಲ್ಯೂಮಿನಿಯಂನದು ಒಳ್ಳೆಯದು, ಫ್ಯಾನ್ ಬೇಡ. ಫ್ಯಾನ್ ಉಪ್ಪುಗಾಳಿಯನ್ನೇ ಒಳಗೆಳೆಯುತ್ತದೆ. ಬಿಸಿಲು ಬೀಳದ ಕಡೆ ಕೂರಿಸಿ. 80 ಡಿಗ್ರಿ ದಾಟಿದರೆ ಪೈ ತಾನಾಗಿ ನಿಧಾನವಾಗುತ್ತದೆ.

ಮಾಹಿತಿಯ ವೈರುಗಳು

ಎನ್‌ಎಂಇಎ 2000 (ದೋಣಿಯ ಉಪಕರಣಗಳನ್ನು ಒಂದಕ್ಕೊಂದು ಜೋಡಿಸುವ ಕೇಬಲ್ ಜಾಲ) ಇದ್ದರೆ ಮೊದಲು ಕರೆಂಟ್ ತೆಗೆದು ಬಿಳಿ ಮತ್ತು ನೀಲಿ ವೈರುಗಳ ನಡುವೆ ಮಲ್ಟಿಮೀಟರ್ ಹಿಡಿಯಿರಿ. 60 ಓಮ್ ಬರಬೇಕು. 120 ಬಂದರೆ ಜಾಲದ ತುದಿಗಳಲ್ಲಿರಬೇಕಾದ ಎರಡು ಟರ್ಮಿನೇಟರುಗಳಲ್ಲಿ (ರೆಸಿಸ್ಟರ್) ಒಂದು ಇಲ್ಲ, 40 ಬಂದರೆ ಯಾರೋ ಮೂರನೆಯದನ್ನು ಸೇರಿಸಿದ್ದಾರೆ. ಕವಲು ಕೇಬಲ್ 6 ಮೀಟರ್ ಮೀರಬಾರದು.

ನೀರಿನ ಆಳ ಅಳೆಯುವ ಹಳೆಯ ಎಕೋ ಸೌಂಡರುಗಳಲ್ಲಿ ಸಿಗುವುದು ಹಿಂದಿನ ಬಗೆಯ ಎನ್‌ಎಂಇಎ 0183. ವೈರಿನ ಬಣ್ಣ ಕಂಪನಿಗೊಂದು ಥರ, ಕೈಪಿಡಿ ನೋಡದೆ ಜೋಡಿಸಬೇಡಿ. ಐಸೊಲೇಶನ್ (ಎರಡು ಬದಿಯ ವಿದ್ಯುತ್ತನ್ನು ಬೇರ್ಪಡಿಸುವ ವ್ಯವಸ್ಥೆ) ಇರುವ ಆರ್‌ಎಸ್-422 ಯುಎಸ್‌ಬಿ ಪರಿವರ್ತಕ ಬಳಸಿ, ವೇಗ ಸೆಕೆಂಡಿಗೆ 4800 ಬಿಟ್. ಎಐಎಸ್ ಆದರೆ 38400. ತೆರೆಯಲ್ಲಿ ಅರ್ಥವಿಲ್ಲದ ಅಕ್ಷರ ಬಂದರೆ ವೇಗ ತಪ್ಪಿದೆ, ಇಲ್ಲವೇ ಎ ಮತ್ತು ಬಿ ವೈರುಗಳು ಅದಲುಬದಲಾಗಿವೆ. ಮಾಹಿತಿ ಕಳಿಸುವ ಎರಡು ಉಪಕರಣಗಳನ್ನು ಒಂದೇ ಜೋಡಿಗೆ ಸೇರಿಸಬೇಡಿ.

ಪೈ 4ರಲ್ಲಿ ಗಡಿಯಾರದ ಬ್ಯಾಟರಿ ಇಲ್ಲ. ಸಮಯವನ್ನು ಜಿಪಿಎಸ್‌ನಿಂದ ಹೊಂದಿಸಿಕೊಳ್ಳುವಂತೆ ಮಾಡಿ. ಸಾಫ್ಟ್‌ವೇರ್ ಕೂರಿಸುವುದು ಸುಲಭ: ಓಪನ್‌ಪ್ಲಾಟರ್‌ನ ಸಿದ್ಧ ಇಮೇಜನ್ನು ಎಸ್‌ಎಸ್‌ಡಿಗೆ ಬರೆದರೆ ಸಿಗ್ನಲ್ ಕೆ (ಉಪಕರಣಗಳ ಮಾಹಿತಿಯನ್ನು ಒಟ್ಟುಗೂಡಿಸುವ ಸಾಫ್ಟ್‌ವೇರ್) ಮತ್ತು ಓಪನ್‌ಸಿಪಿಎನ್ ಎರಡೂ ಜೊತೆಗೇ ಬರುತ್ತವೆ. ಎಲ್ಲ ಉಪಕರಣಗಳನ್ನೂ ಸಿಗ್ನಲ್ ಕೆಗೆ ಕೊಟ್ಟು, ಓಪನ್‌ಸಿಪಿಎನ್ ಅಲ್ಲಿಂದ ಮಾತ್ರ ತೆಗೆದುಕೊಳ್ಳಲಿ. ಅದೇ ಜಿಪಿಎಸ್ ನೇರವಾಗಿಯೂ ಸೇರಿದ್ದರೆ, ಇಲ್ಲವೇ ಎರಡು ಜಿಪಿಎಸ್ ಒಟ್ಟಿಗೆ ಬರುತ್ತಿದ್ದರೆ ಕಟ್ಟಿಹಾಕಿದ ದೋಣಿಯೂ ನಕಾಶೆಯಲ್ಲಿ ಹಾರಾಡಬಹುದು.

ನಕಾಶೆ

ಭಾರತದ ಕಡಲಿನ ಅಧಿಕೃತ ನಕಾಶೆ ಡೆಹ್ರಾಡೂನಿನ ರಾಷ್ಟ್ರೀಯ ಜಲಮಾಪನ ಕಚೇರಿಯದ್ದು. ಕೈಯಿಂದ ಕೈಗೆ ಹಂಚಿಕೆಯಾಗುವ ಹಳೆಯ ಸಿಎಂ93 ನಕಾಶೆಗಳನ್ನು ನಂಬಿ ಹೊರಡಬೇಡಿ. ಅಧಿಕೃತವಾದುದನ್ನು ಕೊಳ್ಳುವಾಗಲೂ ಅದು ಓಪನ್‌ಸಿಪಿಎನ್‌ನಲ್ಲಿ ತೆರೆಯುತ್ತದೆಯೇ ಎಂದು ಮೊದಲೇ ಕೇಳಿ.

ಆದರೆ ಯಾವ ನಕಾಶೆಯೂ ಅಳಿವೆಯನ್ನು ಹೇಳದು. ತಳಂಗರೆಯ ಹತ್ತಿರ ಚಂದ್ರಗಿರಿ ಕಡಲು ಸೇರುವಲ್ಲಿ, ಮೊಗ್ರಾಲಿನಲ್ಲಿ, ಶಿರಿಯದಲ್ಲಿ ಮರಳ ದಿಣ್ಣೆ ಮಳೆಗಾಲಕ್ಕೊಮ್ಮೆ ಜಾಗ ಬದಲಿಸುತ್ತದೆ. ಅದನ್ನು ನೀವೇ ಅಳೆಯಬೇಕು. ಅಲೆ ಇಲ್ಲದ ಬೆಳಿಗ್ಗೆ, ಉಬ್ಬರ ಏರುತ್ತಿರುವಾಗ, ಮೂರು ನಾಟ್‌ಗಿಂತ (ಗಂಟೆಗೆ ಸುಮಾರು 5.5 ಕಿ.ಮೀ.) ನಿಧಾನವಾಗಿ ಹೋಗುತ್ತಾ ಆಳವನ್ನೂ ಸ್ಥಾನವನ್ನೂ ದಾಖಲಿಸಿ. ಏರುವ ನೀರಿನಲ್ಲಿ ತಳ ತಾಗಿದರೂ ಸ್ವಲ್ಪ ಹೊತ್ತಿಗೆ ದೋಣಿ ತಾನೇ ಎದ್ದುಕೊಳ್ಳುತ್ತದೆ. ಇಳಿತದಲ್ಲಿ ಸಿಕ್ಕಿಬಿದ್ದರೆ ಮುಂದಿನ ಉಬ್ಬರದವರೆಗೆ ಅಲ್ಲೇ. ಆಮೇಲೆ ಆ ಹೊತ್ತಿನ ಉಬ್ಬರದ ಎತ್ತರವನ್ನು ಕಳೆದು ಬರೆದಿಡಿ, ಇಲ್ಲವಾದರೆ ಇಳಿತದ ದಿನ ಆ ಅಂಕಿ ಮೋಸ ಮಾಡುತ್ತದೆ. ಸೌಂಡರಿನ ಸೆನ್ಸರ್ ಕೀಲ್‌ಗಿಂತ (ದೋಣಿಯ ತಳದ ದಿಂಡು) 30 ಸೆಂ.ಮೀ. ಮೇಲಿದ್ದರೆ ಸೆಟ್ಟಿಂಗಿನಲ್ಲಿ ಮೈನಸ್ 0.3 ಕೊಡಿ. ಆಗ ತೋರಿಸುವುದು ಕೀಲ್‌ನ ಕೆಳಗಿನ ನೀರು.

ಒಳನೀರಿಗೆ ಉಪಗ್ರಹ ಚಿತ್ರವನ್ನು ಎಂಬಿಟೈಲ್ಸ್ ಎಂಬ ಫೈಲಿನ ರೂಪದಲ್ಲಿ ಹಾಕಿಕೊಳ್ಳಬಹುದು. ಜೆಟ್ಟಿಗೆ ಕಟ್ಟಿದ ದೋಣಿ ಚಿತ್ರದಲ್ಲೂ ಜೆಟ್ಟಿಯ ಪಕ್ಕದಲ್ಲೇ ಕಾಣುತ್ತದೆಯೇ ನೋಡಿ; ಹತ್ತು ಮೀಟರ್ ಸರಿದಿದ್ದರೆ ಇಡೀ ಹೊಳೆಯೇ ಅಷ್ಟು ಸರಿದಿದೆ. ವಲಿಯಪರಂಬ ಹಿನ್ನೀರಿನಲ್ಲಿ ಕಲ್ಲುಮ್ಮಕಾಯ (ಒಂದು ಬಗೆಯ ಚಿಪ್ಪುಜೀವಿ) ಬೆಳೆಸಲು ನೆಟ್ಟ ಗೂಟ, ಕಟ್ಟಿದ ಹಗ್ಗಗಳು ಚಿತ್ರದಲ್ಲಿ ಕಾಣದೇ ಹೋಗಬಹುದು. ಕಂಡ ಕಂಡಲ್ಲಿ ಗುರುತು ಹಾಕಿ. ಪ್ರೊಪೆಲ್ಲರಿಗೆ ಹಗ್ಗ ಸುತ್ತಿದರೆ ನಿಮ್ಮ ಎಂಜಿನ್ ಜೊತೆಗೆ ಇನ್ನೊಬ್ಬರ ಬೆಳೆಯೂ ಹೋಗುತ್ತದೆ.

ನೀರಿಗಿಳಿಸುವ ಮೊದಲು

ಎಲ್ಲ ಉಪಕರಣ, ದೀಪ, ಪಂಪ್ ಹಚ್ಚಿಟ್ಟು, ಔಟ್‌ಬೋರ್ಡ್ ಆದರೆ ತಂಪುನೀರು ಕೊಟ್ಟು, ಎಂಜಿನ್ನನ್ನು ಮೂರು ಸಲ ಸ್ಟಾರ್ಟ್ ಮಾಡಿ. ಪೈ ಒಂದು ಸಲವೂ ಆರಬಾರದು. ಬಳಿಕ ಎರಡು ಗಂಟೆ ಹಾಗೇ ಓಡಿಸಿ ಪ್ರತಿ ಲಗ್ ಮುಟ್ಟಿ ನೋಡಿ, ಬಿಸಿಯಾದದ್ದು ಸಡಿಲವಾಗಿದೆ. ಮೊದಲ ಓಡಾಟ ಹೊಳೆಯೊಳಗೇ ಇರಲಿ.

ದಿಕ್ಸೂಚಿ, ಸ್ವಂತ ಬ್ಯಾಟರಿಯ ಕೈ ಜಿಪಿಎಸ್ ಮತ್ತು ಕಾಗದದ ನಕಾಶೆ ದೋಣಿಯಲ್ಲೇ ಉಳಿಯಲಿ. ಕೋಸ್ಟ್ ಗಾರ್ಡಿನ ರಕ್ಷಣಾ ಸಂಖ್ಯೆ 1554ನ್ನು ತೆರೆಯ ಪಕ್ಕದಲ್ಲಿ ಬರೆದು ಅಂಟಿಸಿ. ವಿದೇಶದಿಂದ ಉಪಗ್ರಹ ಸಂದೇಶ ಯಂತ್ರ ತರಿಸಿ ಜೋಡಿಸಬೇಡಿ, ಅನುಮತಿಯಿಲ್ಲದೆ ಅದನ್ನು ಇಟ್ಟುಕೊಳ್ಳುವುದು ಭಾರತದಲ್ಲಿ ಅಪರಾಧ. ಎಲ್ಲವೂ ಸರಿಯಾಗಿ ನಡೆದ ದಿನವೇ ಎಸ್‌ಎಸ್‌ಡಿಯ ಪೂರ್ತಿ ಪ್ರತಿಯನ್ನು ಇನ್ನೊಂದಕ್ಕೆ ಇಳಿಸಿ, ಅದರಿಂದ ಪೈ ಒಮ್ಮೆ ಶುರುವಾಗುವುದನ್ನು ಕಂಡ ಮೇಲೆ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ದೋಣಿಯಲ್ಲೇ ಇಡಿ. ನಕಾಶೆ ಅಥವಾ ಸೆಟ್ಟಿಂಗ್ ಬದಲಿಸಿದಾಗಲೆಲ್ಲ ಆ ಪ್ರತಿಯನ್ನೂ ಹೊಸದು ಮಾಡಿ.