ಮನೆಯ ಗನ್ ಲಾಕ್ ರೀಕಾಲ್ ಆಗಿದೆಯೇ? ನೋಡುವ ಕ್ರಮ ಹೀಗೆ

ಬೆರಳಚ್ಚಿನ ಗನ್ ಸೇಫ್ ಕೊಂಡವರು ಮಾಡುವ ಪರೀಕ್ಷೆ ಸಾಮಾನ್ಯವಾಗಿ ಒಂದೇ. ತಮ್ಮ ಬೆರಳಿಟ್ಟು ನೋಡುತ್ತಾರೆ, ಟಕ್ ಎಂದು ಬಾಗಿಲು ಬಿಟ್ಟುಕೊಳ್ಳುತ್ತದೆ, ಸರಿಯಾಯಿತು ಎಂದು ಪಿಸ್ತೂಲು ಒಳಗಿಟ್ಟು ಮಲಗುತ್ತಾರೆ. ಅದೇ ಸೇಫ್ ಪಕ್ಕದವರ ಬೆರಳಿಗೂ ಬಿಟ್ಟುಕೊಳ್ಳುತ್ತದೆಯೇ ಎಂದು ನೋಡುವವರು ಅಪರೂಪ. ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ, ಅಂದರೆ ಸಿಪಿಎಸ್‌ಸಿ, 2023ರ ಅಕ್ಟೋಬರ್‌ನಲ್ಲಿ ಫೋರ್ಟ್ರೆಸ್ ಕಂಪನಿಯ ಸುಮಾರು 61,000 ಸೇಫ್‌ಗಳ ರೀಕಾಲ್, ಅಂದರೆ ದೋಷವಿರುವ ಮಾಲನ್ನು ವಾಪಸ್ ಕರೆಸಿಕೊಳ್ಳುವುದನ್ನು, ಪ್ರಕಟಿಸಿದ್ದು ಇದೇ ದೋಷಕ್ಕೆ. 12 ವರ್ಷದ ಹುಡುಗನೊಬ್ಬನ ಸಾವೂ ಆ ಪ್ರಕಟಣೆಯಲ್ಲಿ ದಾಖಲಾಗಿದೆ. ನಾಲ್ಕು ತಿಂಗಳ ನಂತರ, 2024ರ ಫೆಬ್ರವರಿಯಲ್ಲಿ, ಬೇರೆ ನಾಲ್ಕು ಕಂಪನಿಗಳ ಒಟ್ಟು ಸುಮಾರು 1.2 ಲಕ್ಷ ಸೇಫ್‌ಗಳು ಪಟ್ಟಿಗೆ ಸೇರಿದವು. ಅಮೆರಿಕದಲ್ಲಿ ನೆಲೆಸಿ ಮನೆಯಲ್ಲಿ ಬಂದೂಕು ಇಟ್ಟುಕೊಂಡಿರುವ ಕನ್ನಡಿಗರು ಒಂದು ಭಾನುವಾರ ಈ ಕೆಲಸಕ್ಕೆ ಎತ್ತಿಡುವುದು ಒಳ್ಳೆಯದು.

1. ಮೊದಲು ಬಂದೂಕು ಖಾಲಿ ಮಾಡಿ. ಮ್ಯಾಗಜೀನ್ ತೆಗೆಯಿರಿ, ಸ್ಲೈಡ್ ಹಿಂದಕ್ಕೆಳೆದು ನಿಲ್ಲಿಸಿ, ಗುಂಡು ಕೂರುವ ಚೇಂಬರ್ ಒಳಗೆ ಕಣ್ಣಿಟ್ಟು ನೋಡಿ, ಕಿರುಬೆರಳು ಹಾಕಿಯೂ ನೋಡಿ. ಗುಂಡುಗಳನ್ನು ಬೇರೆ ಕೋಣೆಗೆ ಒಯ್ಯಿರಿ. ಮುಂದಿನದೆಲ್ಲ ಖಾಲಿ ಸೇಫ್ ಮತ್ತು ಖಾಲಿ ಬೀಗದ ಮೇಲೆ.

2. ಮಾಡೆಲ್ ನಂಬರ್ ಹುಡುಕಿ, ಫೋಟೊ ತೆಗೆದುಕೊಳ್ಳಿ. ಸೇಫ್ ಆದರೆ ಬಾಗಿಲ ಒಳಮೈ, ಹಿಂಬದಿ ಅಥವಾ ತಳದ ಚೀಟಿ. ಬೀಗವಾದರೆ ಮೈಮೇಲೆಯೇ ಅಚ್ಚಾಗಿರುತ್ತದೆ.

3. ಸಿಪಿಎಸ್‌ಸಿ ಜಾಲತಾಣದ ರೀಕಾಲ್ ಪುಟದಲ್ಲಿ ಹುಡುಕಿ. ಎಡವುವುದು ಇಲ್ಲಿಯೇ. ಬಾಗಿಲ ಮೇಲಿನ ಬ್ರ್ಯಾಂಡ್ ಹೆಸರೊಂದನ್ನೇ ಟೈಪ್ ಮಾಡಿ, ಏನೂ ಸಿಗದಿದ್ದರೆ ಕೈಬಿಡುತ್ತಾರೆ. ಒಂದೇ ಕಾರ್ಖಾನೆಯ ಪೆಟ್ಟಿಗೆ ಹಲವು ಹೆಸರಿನಲ್ಲಿ ಅಂಗಡಿಗೆ ಬರುತ್ತದೆ. ಫೋರ್ಟ್ರೆಸ್ ರೀಕಾಲ್‌ನಲ್ಲೇ ಕ್ಯಾಬೆಲಾಸ್, ಗೆಟ್ಟಿಸ್‌ಬರ್ಗ್, ಲೆಜೆಂಡ್ ರೇಂಜ್ ಅಂಡ್ ಫೀಲ್ಡ್ ಹೆಸರಿನ ಸೇಫ್‌ಗಳೂ ಇದ್ದವು. ಹಾಗಾಗಿ ಮೊದಲು ‘ಗನ್ ಸೇಫ್’, ‘ಗನ್ ಲಾಕ್’, ‘ಬಯೋಮೆಟ್ರಿಕ್’ ಎಂಬ ಸಾಮಾನ್ಯ ಪದಗಳನ್ನು ಹಾಕಿ, ಬಂದ ಪ್ರಕಟಣೆಗಳನ್ನು ಒಂದೊಂದಾಗಿ ತೆರೆದು, ನಿಮ್ಮ ಮಾಡೆಲ್ ನಂಬರ್ ಮತ್ತು ಮಾರಾಟದ ಅವಧಿಯನ್ನು ಹೋಲಿಸಿ. ಇಂಗ್ಲಿಷ್ ಜಾಲತಾಣದ ಗೊಡವೆ ಬೇಡ ಎನ್ನುವ ಹಿರಿಯರಿದ್ದರೆ 800-638-2772ಕ್ಕೆ ಫೋನ್ ಮಾಡಿಸಿ.

ಹಳೆಯ ಬೀಗಕ್ಕೂ ವಿನಾಯಿತಿ ಇಲ್ಲ. 2001ರ ಫೆಬ್ರವರಿಯಲ್ಲಿ ‘ಪ್ರಾಜೆಕ್ಟ್ ಹೋಮ್‌ಸೇಫ್’ ಹೆಸರಿನಲ್ಲಿ ಪುಕ್ಕಟೆ ಹಂಚಿದ್ದ, ಬಂದೂಕಿನೊಳಗೆ ತೂರಿಸಿ ಹಾಕುವ ಸುಮಾರು 4 ಲಕ್ಷ ಕೇಬಲ್ ಬೀಗಗಳು ರೀಕಾಲ್ ಆದವು. ಕೀ ಇಲ್ಲದೆಯೂ ಅವು ತೆರೆದುಕೊಳ್ಳುತ್ತಿದ್ದವು. ಆ ಸುಮಾರಿಗೆ ಆಯೋಗ 32 ಬಗೆಯ ಬೀಗ ಪರೀಕ್ಷಿಸಿದಾಗ 30 ಕೀ ಇಲ್ಲದೆ ಬಿಚ್ಚಿಕೊಂಡಿದ್ದವು. ಸೆಕೆಂಡ್‌ಹ್ಯಾಂಡ್ ಬಂದೂಕಿನ ಜೊತೆ ಬಂದ ಆ ಕಾಲದ ಕೇಬಲ್ ಬೀಗ ಡ್ರಾಯರ್‌ನಲ್ಲಿದ್ದರೆ ಹುಡುಕುತ್ತ ಕೂರಬೇಡಿ, ಕೇಬಲ್ ಕತ್ತರಿಸಿ ಕಸಕ್ಕೆ ಹಾಕಿ. ಹೊಸದನ್ನು ಹಲವು ಊರುಗಳ ಪೊಲೀಸ್ ಠಾಣೆಗಳು ಪುಕ್ಕಟೆ ಕೊಡುತ್ತವೆ.

ಇನ್ನೊಂದು ಗೊಂದಲವಿದೆ. ಬಂದೂಕು ಮತ್ತು ಗುಂಡು ಈ ಆಯೋಗದ ವ್ಯಾಪ್ತಿಗೇ ಬರುವುದಿಲ್ಲ. ಬೀಗ, ಸೇಫ್ ಬರುತ್ತವೆ. ಬಂದೂಕಿನ ರೀಕಾಲ್ ಬೇಕಿದ್ದರೆ ತಯಾರಕರ ಜಾಲತಾಣವನ್ನೇ ನೋಡಬೇಕು.

4. ಪಟ್ಟಿಯಲ್ಲಿ ಇಲ್ಲದಿದ್ದರೂ ಬೆರಳು ಪರೀಕ್ಷೆ ಮಾಡಿ. ಇದಕ್ಕೆ ತಾಳ್ಮೆ ಬೇಕು. ದೋಷ ಹುಟ್ಟುವ ಬಗೆ ಮೊದಲು ತಿಳಿಯಲಿ. ಇಂಥ ಎಷ್ಟೋ ಸೇಫ್‌ಗಳು ಕಾರ್ಖಾನೆಯಿಂದ ಬರುವಾಗ ಯಾವ ಬೆರಳಿಟ್ಟರೂ ತೆರೆಯುವ ಸ್ಥಿತಿಯಲ್ಲಿರುತ್ತವೆ. ಮೊದಲ ಬೆರಳಚ್ಚು ಸರಿಯಾಗಿ ದಾಖಲಾದ ಮೇಲಷ್ಟೇ ಉಳಿದವನ್ನು ತಡೆಯಬೇಕು. ಮಾಲೀಕರು ಬಟನ್ ಒತ್ತಿ ಬೆರಳಿಡುತ್ತಾರೆ, ದಾಖಲಾತಿ ಆಗಿರುವುದೇ ಇಲ್ಲ. ಆದರೂ ಬಾಗಿಲು ತೆರೆಯುತ್ತದೆ, ಏಕೆಂದರೆ ಅದು ಎಲ್ಲರಿಗೂ ತೆರೆಯುತ್ತಿದೆ. ಅವರಿಗೆ ಅದು ತಮ್ಮ ಗುರುತು ಹಿಡಿದಂತೆ ಕಾಣುತ್ತದೆ.

ಪರೀಕ್ಷೆ ಹೀಗೆ: ಮ್ಯಾನುಯಲ್ ನೋಡಿ ಹಳೆಯ ದಾಖಲೆ ಅಳಿಸಿ, ನಿಮ್ಮ ಒಂದೇ ಒಂದು ಬೆರಳನ್ನು ಹೊಸದಾಗಿ ದಾಖಲಿಸಿ. ಆಮೇಲೆ ನಿಮ್ಮ ಉಳಿದ 9 ಬೆರಳು, ಮನೆಯ ಇನ್ನೊಬ್ಬ ವಯಸ್ಕರ 10 ಬೆರಳು, ಒಂದೊಂದನ್ನೂ 5 ಸಲ ಇಡಿ. 95 ಸಲವಾಯಿತು. ಬೆರಳನ್ನು ನೇರವಾಗಿ, ಓರೆಯಾಗಿ, ತುದಿ ಮಾತ್ರ, ಸ್ವಲ್ಪ ಒದ್ದೆ ಮಾಡಿ, ಹೀಗೆ ಬದಲಿಸುತ್ತ ಹೋಗಿ. ಕೆಲವು ಸಲ ತಪ್ಪಾದೊಡನೆ ಎಷ್ಟೋ ಸೇಫ್‌ಗಳು ಬೀಪ್ ಹೊಡೆದು ಸ್ವಲ್ಪ ಹೊತ್ತು ಸುಮ್ಮನಾಗುತ್ತವೆ, ಆ ವೇಳೆಗೆ ಕಾಫಿ ಮಾಡಿಕೊಳ್ಳಿ. ಮ್ಯಾನುಯಲ್‌ನಲ್ಲಿ ಹಾಗೆ ಬರೆದಿದ್ದೂ ನಿಮ್ಮ ಸೇಫ್ ಎಷ್ಟು ತಪ್ಪು ಬೆರಳಿಗೂ ಸುಮ್ಮನಾಗದಿದ್ದರೆ ಅದನ್ನೂ ದೋಷವೆಂದೇ ಲೆಕ್ಕ ಹಿಡಿಯಿರಿ. 95ರಲ್ಲಿ ಒಮ್ಮೆ ತೆರೆದರೂ ಬೆರಳಿನ ಬಳಕೆ ಅಲ್ಲಿಗೆ ಮುಗಿಯಿತು. ‘ಒಂದೇ ಸಲ ತಾನೇ’ ಎನ್ನಬೇಡಿ. ಮಕ್ಕಳು ಒಂದು ಮಧ್ಯಾಹ್ನದಲ್ಲಿ ನೂರು ಸಲ ಒತ್ತಬಲ್ಲರು. ಈ ಪರೀಕ್ಷೆಗೆ ಮಕ್ಕಳನ್ನಂತೂ ಕೂರಿಸಿಕೊಳ್ಳಬೇಡಿ, ಅವರಿಗೆ ಅದು ಆಟವಾಗಿ ಅಂಟಿಕೊಳ್ಳುತ್ತದೆ.

ಬ್ಯಾಟರಿ ಬದಲಿಸಿದ ಪ್ರತಿ ಸಲವೂ ಚಿಕ್ಕದಾಗಿ ಮತ್ತೊಮ್ಮೆ ಮಾಡಿ. ಮಾಡೆಲ್ ಈಗಾಗಲೇ ರೀಕಾಲ್ ಪಟ್ಟಿಯಲ್ಲಿದ್ದರೆ 95ಕ್ಕೆ 95 ಪಾಸಾದರೂ ಆ ಸೇಫ್‌ಗೆ ಮಾಫಿ ಇಲ್ಲ.

5. ಬಡಿದು ನೋಡಿ. ಅಗ್ಗದ ಎಲೆಕ್ಟ್ರಾನಿಕ್ ಸೇಫ್‌ಗಳಲ್ಲಿ ಬಾಗಿಲ ಸರಳನ್ನು ತಡೆದಿರುವುದು ಸಣ್ಣ ಸ್ಪ್ರಿಂಗ್ ಹಾಕಿದ ಪಿನ್. ಪೆಟ್ಟಿಗೆ ಕುಲುಕಿದರೆ ಆ ಪಿನ್ ಕ್ಷಣಕಾಲ ಜಿಗಿಯಬಹುದು. ಮಡಿಸಿದ ಟವೆಲ್ ಮೇಲಿಟ್ಟು, ಮುಷ್ಟಿಯಿಂದ ಗುದ್ದುತ್ತ ಹಿಡಿಯನ್ನು ತಿರುಗಿಸಿ. ತಿರುಗಿದರೆ ಹಿಂದಿರುಗಿಸಿ. ಕೇಬಲ್ ಬೀಗವನ್ನು ಹಲಗೆಗೆ ನಾಲ್ಕಾರು ಸಲ ಬಡಿದು ಜಗ್ಗಿ. ನನ್ನನ್ನು ಕೇಳಿದರೆ ಮಲಗುವ ಕೋಣೆಗೆ ಬೆರಳಚ್ಚಿನ ಅಗ್ಗದ ಪೆಟ್ಟಿಗೆಯೇ ಬೇಡ. ನಂಬರ್ ಒತ್ತುವ ಗಟ್ಟಿ ಸೇಫ್ ತಂದು ನೆಲಕ್ಕೆ ಬೋಲ್ಟ್ ಹಾಕಿಸಿ.

6. ರೀಕಾಲ್ ಆಗಿದ್ದರೆ: ಬ್ಯಾಟರಿ ತೆಗೆದುಹಾಕಿ, ಬದಲಿ ಬರುವವರೆಗೆ ಕೀ ಮಾತ್ರ ಬಳಸಿ. ಫೋರ್ಟ್ರೆಸ್ ರೀಕಾಲ್‌ನಲ್ಲಿ ಆಯೋಗ ಹೇಳಿದ್ದೂ ಇದನ್ನೇ. ಹೊಸ ಸೇಫ್ ಪುಕ್ಕಟೆ. ಕಂಪನಿಗೆ ಹೆಸರು ಕೊಡುವ ಮೊದಲೇ ಹಳೆಯದನ್ನು ಎಸೆಯಬೇಡಿ, ಫೋಟೊ ಕೇಳಬಹುದು. ಗರಾಜ್ ಸೇಲ್‌ಗಂತೂ ಇಡಲೇಬೇಡಿ: ರೀಕಾಲ್ ಆದ ವಸ್ತು ಮಾರುವುದು 2008ರ ಕಾಯ್ದೆಯ ಪ್ರಕಾರ ಅಪರಾಧ. ಪಟ್ಟಿಯಲ್ಲಿಲ್ಲದ ಸೇಫ್ ನಿಮ್ಮ ಪರೀಕ್ಷೆಯಲ್ಲಿ ಸೋತರೆ ‘ಸೇಫರ್ ಪ್ರಾಡಕ್ಟ್ಸ್’ ಎಂಬ ಸರ್ಕಾರಿ ಜಾಲತಾಣದಲ್ಲಿ ದೂರು ದಾಖಲಿಸಿ.

7. ಹೊಸ ಸೇಫ್ ಬರುವವರೆಗೆ ಬಂದೂಕಿಗೆ ಕೇಬಲ್ ಬೀಗವನ್ನೂ ಹಾಕಿ. 2005ರ ಕಾನೂನಿನಂತೆ ಪರವಾನಗಿ ಇರುವ ಡೀಲರ್ ಪಿಸ್ತೂಲಿನ ಜೊತೆ ಬೀಗವನ್ನೋ ಭದ್ರ ಪೆಟ್ಟಿಗೆಯನ್ನೋ ಕೊಡಲೇಬೇಕು, ಡಬ್ಬಿಯಲ್ಲಿ ಹುಡುಕಿದರೆ ಸಿಗಬಹುದು. ಪಿಸ್ತೂಲಿಗಾದರೆ ಗುಂಡಿನ ಖಾಲಿ ಕವಚ ಹೊರಬೀಳುವ ಕಿಂಡಿಯಿಂದ ಕೇಬಲನ್ನು ತೂರಿಸಿ ಮ್ಯಾಗಜೀನ್ ಗೂಡಿನಿಂದ ಹೊರತೆಗೆದು ಬೀಗ ಹಾಕಿ. ಕೇಬಲನ್ನು ಟ್ರಿಗರ್‌ನ ಬಳೆಗೆ ಸುತ್ತಿ ಬೀಗ ಹಾಕುವವರಿದ್ದಾರೆ, ಅದು ಬೀಗವೇ ಅಲ್ಲ. ಗುಂಡು ತುಂಬಬಹುದು, ಟ್ರಿಗರ್ ಎಳೆಯಲೂಬಹುದು. ಟ್ರಿಗರ್‌ಗೆಂದೇ ಮಾಡಿದ ಬೀಗವನ್ನೂ ತುಂಬಿದ ಬಂದೂಕಿಗೆ ಎಂದೂ ಹಾಕಬಾರದು.

ಅಮೆರಿಕದಿಂದ ಊರಿಗೆ ಬರುವಾಗ ಕೊಡಗಿನ ಮನೆಯ ಕೋವಿಗೆಂದು ಇಂಥ ಬೀಗ ತರುವುದಿದ್ದರೆ ಎರಡು ಮಾತು. ಆಮೇಲೆ ರೀಕಾಲ್ ಆದರೆ ಸುದ್ದಿ ಇಲ್ಲಿಗೆ ತಾನಾಗಿ ಬಾರದು, ತಂದವರೇ ಕಣ್ಣಿಟ್ಟಿರಬೇಕು. ಎರಡನೆಯದು ಅಳತೆ: ಪುಕ್ಕಟೆ ಸಿಗುವ ಕೇಬಲ್ ಸುಮಾರು 15 ಇಂಚು. ನಡುವೆ ಬಾಗಿಸಿ ತೋಟಾ ತುಂಬುವ ಕೋವಿಯ 28 ಇಂಚಿನ ನಳಿಗೆಯಲ್ಲಿ ತೂರಿಸಿ ಹೊರಗಿನಿಂದ ಸುತ್ತಿ ತರಲು 60 ಇಂಚಾದರೂ ಬೇಕು. ಕೊಳ್ಳುವಾಗಲೇ ಅಳೆದು ತನ್ನಿ.