ಬ್ರಿಟನ್ನಿನಲ್ಲಿ ವೈದ್ಯಕೀಯ ಪ್ರವೇಶದ ಸಂದರ್ಶನ: ನನ್ನ ಅನುಭವ

ಭಾರತದಲ್ಲಿ ಎಂಬಿಬಿಎಸ್ ಸೀಟು ನೀಟ್ ಅಂಕಗಳಿಂದಲೇ ನಿರ್ಧಾರವಾಗುವುದರಿಂದ, ವೈದ್ಯಕೀಯ ಓದಿಗೆ ಸಂದರ್ಶನವೇಕೆ ಎಂದು ಹಾಸನದ ನಮ್ಮ ಬಂಧುಗಳು ಕೇಳುತ್ತಿದ್ದರು. ನಾನು ಬೆಳೆದ ಇಂಗ್ಲೆಂಡಿನ ಕ್ರಮ ಬೇರೆ. ಇಲ್ಲಿ ವಿಶ್ವವಿದ್ಯಾಲಯ ಪ್ರವೇಶದ ಅರ್ಜಿಗಳನ್ನು ನಿರ್ವಹಿಸುವ ಯೂಕಾಸ್ ಸಂಸ್ಥೆಯ ಮೂಲಕ ಅಕ್ಟೋಬರ್ 15ರೊಳಗೆ ಹೆಚ್ಚೆಂದರೆ ನಾಲ್ಕು ವೈದ್ಯಕೀಯ ಶಾಲೆಗಳಿಗೆ ಅರ್ಜಿ ಹಾಕಬಹುದು. ನಮ್ಮ ಪಿಯುಸಿಯ ಮಟ್ಟದ ಎ ಲೆವೆಲ್‌ನ ನಿರೀಕ್ಷಿತ ಶ್ರೇಣಿ ಮತ್ತು ವೈದ್ಯಕೀಯ ಪ್ರವೇಶಕ್ಕಾಗಿ ನಡೆಯುವ ಯುಕ್ಯಾಟ್ ಪರೀಕ್ಷೆಯ ಅಂಕಗಳನ್ನು ನೋಡಿ ಸಂದರ್ಶನಕ್ಕೆ ಕರೆಯುತ್ತಾರೆ. ಅಲ್ಲಿಂದ ಮುಂದೆ ಹಲವು ಶಾಲೆಗಳಲ್ಲಿ ಸಂದರ್ಶನದ ಅಂಕಗಳಿಗೇ ಹೆಚ್ಚಿನ ತೂಕವಿರುತ್ತದೆ.

ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳಲ್ಲಿ ಅಧ್ಯಾಪಕರ ಎದುರು ಕುಳಿತು ವಿಜ್ಞಾನದ ಪ್ರಶ್ನೆಗಳನ್ನು ಚರ್ಚಿಸುವ ಹಳೆಯ ಪದ್ಧತಿ ಉಳಿದಿದೆ. ಉಳಿದ ಬಹುತೇಕ ಶಾಲೆಗಳು ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯ ರೂಪಿಸಿದ ಎಂಎಂಐ, ಅಂದರೆ ಹಲವು ಕಿರು ಸಂದರ್ಶನಗಳ ಪದ್ಧತಿಯನ್ನು ಅನುಸರಿಸುತ್ತವೆ. ಅಭ್ಯರ್ಥಿಯು ಒಂದೊಂದು ಕೋಣೆಯ ಹೊರಗೆ ನಿಂತು ಬಾಗಿಲಿಗೆ ಅಂಟಿಸಿದ ಸನ್ನಿವೇಶವನ್ನು ಓದಿಕೊಳ್ಳುತ್ತಾನೆ, ಗಂಟೆ ಬಾರಿಸಿದಾಗ ಒಳಹೋಗಿ ಕೆಲವು ನಿಮಿಷ ಮಾತನಾಡುತ್ತಾನೆ, ಮತ್ತೆ ಗಂಟೆಯಾದಾಗ ಮುಂದಿನ ಕೋಣೆಗೆ ಸಾಗುತ್ತಾನೆ. ಪ್ರತಿ ಕೋಣೆಯ ಪರೀಕ್ಷಕರು ಸ್ವತಂತ್ರವಾಗಿ ಅಂಕ ನೀಡುವುದರಿಂದ ಒಬ್ಬರ ಮೆಚ್ಚುಗೆಯಾಗಲಿ ಅಸಮಾಧಾನವಾಗಲಿ ಇಡೀ ಫಲಿತಾಂಶವನ್ನು ಆಳುವುದಿಲ್ಲ. ಇದು ನ್ಯಾಯವಾದ ಪದ್ಧತಿ ಎಂದು ನಾನು ನಂಬುತ್ತೇನೆ.

ಸಿದ್ಧತೆಗಾಗಿ ಉತ್ತರಗಳನ್ನು ಬರೆದು ಬಾಯಿಪಾಠ ಮಾಡುವುದು ಬೇಡವೆಂದು ಮೊದಲೇ ನಿಶ್ಚಯಿಸಿದ್ದೆ. ಪರೀಕ್ಷಕರು ಸನ್ನಿವೇಶದ ಒಂದು ವಿವರವನ್ನು ಬದಲಿಸಿದರೂ ಕಂಠಸ್ಥ ಮಾಡಿದ ಉತ್ತರ ನಿಲ್ಲುವುದಿಲ್ಲ. ಅದರ ಬದಲು ವೈದ್ಯರ ನಡವಳಿಕೆಯ ಬಗ್ಗೆ, ಬ್ರಿಟನ್ನಿನ ವೈದ್ಯರ ನಿಯಂತ್ರಣ ಸಂಸ್ಥೆಯಾದ ಜನರಲ್ ಮೆಡಿಕಲ್ ಕೌನ್ಸಿಲ್ ಪ್ರಕಟಿಸಿರುವ ಮಾರ್ಗಸೂಚಿಯನ್ನು ನಿಧಾನವಾಗಿ ಓದಿದೆ. ವಾರಾಂತ್ಯಗಳಲ್ಲಿ ಸ್ವಯಂಸೇವಕನಾಗಿ ಹೋಗುತ್ತಿದ್ದ, ಆರೈಕೆ ಬೇಕಾದವರು ವಾಸಿಸುವ ಕೇರ್ ಹೋಮ್‌ನಲ್ಲಿ ಕಂಡದ್ದನ್ನು, ಯಾರ ಗುರುತೂ ಸಿಗದಂತೆ, ಟಿಪ್ಪಣಿ ಮಾಡಿಟ್ಟೆ. ಗೆಳೆಯನೊಬ್ಬನನ್ನು ಕೂರಿಸಿಕೊಂಡು ಯೋಚನೆಯನ್ನು ಗಟ್ಟಿಯಾಗಿ ಮಾತಿನಲ್ಲಿ ಬಿಡಿಸಿಡುವುದನ್ನು ಅಭ್ಯಾಸ ಮಾಡಿದೆ. ಹೆಚ್ಚು ಉಪಯೋಗಕ್ಕೆ ಬಂದದ್ದು ಈ ಕೊನೆಯದು.

ಒಂದು ಕೋಣೆಯಲ್ಲಿ, ಮೂರ್ಛೆರೋಗವಿದ್ದೂ ಕಾರು ಓಡಿಸುವುದನ್ನು ನಿಲ್ಲಿಸದ ರೋಗಿಯ ಪ್ರಶ್ನೆ ಬಂದಿತು. ಚಾಲನಾ ಪರವಾನಗಿ ನೀಡುವ ಡಿವಿಎಲ್‌ಎಗೆ ತಿಳಿಸುವ ಹೊಣೆ ಮೊದಲಿಗೆ ರೋಗಿಯದೇ ಆಗಿರುವುದರಿಂದ ಅವರ ಮನವೊಲಿಸಲು ಯತ್ನಿಸುವೆನೆಂದೂ, ಅವರು ಒಪ್ಪದೆ ಓಡಿಸುತ್ತಲೇ ಇದ್ದರೆ ಅವರಿಗೆ ಮುಂಚಿತವಾಗಿ ಹೇಳಿಯೇ ನಾನು ತಿಳಿಸುವೆನೆಂದೂ ಉತ್ತರಿಸಿದೆ.

ನಾನು ಇಂದಿಗೂ ನೆನೆಯುವುದು ಅದರ ಮುಂದಿನ ಕೋಣೆಯನ್ನು. ಇಂಗ್ಲಿಷ್ ಬಾರದ ವೃದ್ಧೆಯೊಬ್ಬರು ಮಗನೊಂದಿಗೆ ಕ್ಲಿನಿಕ್‌ಗೆ ಬಂದಿದ್ದಾರೆ, ಎಲ್ಲ ಪ್ರಶ್ನೆಗೂ ಮಗನೇ ಉತ್ತರಿಸುತ್ತಿದ್ದಾನೆ. ವೈದ್ಯರಾಗಿ ಏನು ಮಾಡುವಿರಿ ಎಂಬುದು ಪ್ರಶ್ನೆ. ನಮ್ಮ ಅಜ್ಜಿ ನಮ್ಮೊಡನೆ ಇದ್ದಾಗ ಅವರ ಜೊತೆ ಜಿಪಿಯ (ಕುಟುಂಬ ವೈದ್ಯರ) ಬಳಿ ಹೋಗಿ ಕನ್ನಡದ ಮಾತನ್ನು ಇಂಗ್ಲಿಷಿಗೆ ದಾಟಿಸುತ್ತಿದ್ದವನು ನಾನೇ. ಮಂಡಿನೋವನ್ನು ಅಜ್ಜಿ ವಿವರವಾಗಿ ಹೇಳುತ್ತಿದ್ದರು. ಮೂತ್ರದ ತೊಂದರೆಯನ್ನು ಮಾತ್ರ ಮೊಮ್ಮಗನ ಎದುರು ಬಾಯಿಬಿಡದೆ, ಮನೆಗೆ ಬಂದ ಮೇಲೆ ಅಮ್ಮನ ಕಿವಿಯಲ್ಲಿ ಹೇಳುತ್ತಿದ್ದರು. ಇದನ್ನು ಪರೀಕ್ಷಕರಿಗೆ ಸಂಕ್ಷೇಪವಾಗಿ ತಿಳಿಸಿ, ಮಗ ಎಷ್ಟೇ ಪ್ರೀತಿಯುಳ್ಳವನಾದರೂ ತಾಯಿ ಅವನ ಮುಂದೆ ಹೇಳಲಾಗದ ಸಂಗತಿಗಳಿರಬಹುದು, ಆದ್ದರಿಂದ ಫೋನಿನಲ್ಲಾದರೂ ವೃತ್ತಿನಿರತ ದುಭಾಷಿಯನ್ನು ಕರೆಸಿ, ಹೆಚ್ಚಿನ ಸಮಯ ತೆಗೆದುಕೊಂಡು, ವೃದ್ಧೆಯ ಮುಖವನ್ನೇ ನೋಡುತ್ತ ಮಾತನಾಡುವೆ ಎಂದೆ.

ಮಗ ಅದಕ್ಕೆ ಒಪ್ಪದಿದ್ದರೆ ಎಂದು ಪರೀಕ್ಷಕರು ಕೇಳಿದರು. ಅವನ ಕಾಳಜಿಯನ್ನು ಗೌರವಿಸುತ್ತಲೇ, ಅವನು ಜೊತೆಗಿರಬೇಕೇ ಬೇಡವೇ ಎಂಬುದನ್ನು ದುಭಾಷಿಯ ಮೂಲಕ ವೃದ್ಧೆಯನ್ನೇ ಕೇಳುವೆ ಎಂದೆ. ಆಕೆಗೆ ತೀವ್ರ ಎದೆನೋವಿದ್ದು, ದುಭಾಷಿ ತಕ್ಷಣ ಸಿಗದಿದ್ದರೆ? ಇಲ್ಲಿ ನಾನು ಕೆಲವು ಕ್ಷಣ ಸುಮ್ಮನಿದ್ದು ಯೋಚಿಸಿದೆ. ಜೀವಕ್ಕೆ ಅಪಾಯವಿರುವಾಗ ಕಾಯುವುದೇ ಹಾನಿಯಾದ್ದರಿಂದ ಮಗನ ನೆರವಿನಿಂದಲೇ ಚಿಕಿತ್ಸೆ ಆರಂಭಿಸಿ, ಆಕೆ ಚೇತರಿಸಿಕೊಂಡ ಮೇಲೆ ಎಲ್ಲವನ್ನೂ ದುಭಾಷಿಯ ಮೂಲಕ ಮತ್ತೊಮ್ಮೆ ಕೇಳಿ ದಾಖಲಿಸುವೆ ಎಂದೆ. ಪರಿಸ್ಥಿತಿ ಬದಲಾದಂತೆ ನಿಲುವನ್ನು ಬದಲಿಸುತ್ತೇನೆಯೇ, ಬದಲಿಸಿದರೆ ಅದಕ್ಕೆ ಕಾರಣ ಕೊಡಬಲ್ಲೆನೇ ಎಂಬುದನ್ನೇ ಅವರು ಪರೀಕ್ಷಿಸುತ್ತಿದ್ದರೆಂದು ನನಗೆ ಅಲ್ಲಿ ಸ್ಪಷ್ಟವಾಯಿತು.

ಕೊನೆಯ ಕೋಣೆಯಲ್ಲಿ ವೈದ್ಯನೇ ಏಕಾಗಬೇಕು, ನರ್ಸ್ ಏಕೆ ಆಗಬಾರದು ಎಂದು ಕೇಳಿದರು. ಕೇರ್ ಹೋಮ್‌ನಲ್ಲಿ ರೋಗಿಯ ಹತ್ತಿರ ಹೆಚ್ಚು ಹೊತ್ತು ಇರುವವರು ನರ್ಸ್‌ಗಳು ಮತ್ತು ಸಹಾಯಕರೆಂಬುದನ್ನು ಕಂಡಿದ್ದ ನಾನು, ಆ ಕೆಲಸವನ್ನು ಕಿರಿದು ಮಾಡದೆ, ರೋಗನಿರ್ಣಯದ ತರ್ಕವೂ ಅದರ ಹೊಣೆಯೂ ನನ್ನನ್ನು ಸೆಳೆಯುತ್ತವೆ ಎಂದು ಹೇಳಿದೆ. ಎ ಲೆವೆಲ್‌ನಲ್ಲಿ ಮೂರು ಎ ಶ್ರೇಣಿ ಪಡೆಯಬೇಕೆಂಬ ಷರತ್ತಿನೊಂದಿಗೆ ಆ ಶಾಲೆಯಿಂದ ಸೀಟು ನೀಡುವ ಪತ್ರ ವಸಂತದಲ್ಲಿ ಬಂದಿತು.